ಹೊಗೆಯಕ್ಕನ ಮೂಗು

ಬೆಳಗಿನ ಐದೂಕಾಲು. ಓಣಿಯ ಕೊನೆಯ ಕಾಫಿಪುಡಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಕಬ್ಬಿಣದ ಡ್ರಮ್ಮು ಕಾದು ತಿರುಗುತ್ತಿದೆ. ಹೊರಗೆ ಬೀದಿದೀಪ ಇನ್ನೂ ಆರಿಲ್ಲ. ಹತ್ತು ಹೆಜ್ಜೆ ಉದ್ದ, ಆರು ಹೆಜ್ಜೆ ಅಗಲದ ಈ ಕೋಣೆಯ ಗೋಡೆಗೆ ಮೊದಲು ಯಾವ ಬಣ್ಣ ಬಳಿದಿದ್ದರೋ ಈಗ ಹೇಳುವವರಿಲ್ಲ. ಹೊಗೆ ಕುಡಿದು ಕುಡಿದು ಕಂದುಗಟ್ಟಿದೆ. ತಲೆಗೆ ಬಟ್ಟೆ ಬಿಗಿದುಕೊಂಡ ಹೊಗೆಯಕ್ಕ ಹನ್ನೆರಡು ಕೆಜಿ ಹಸಿ ಬೀಜವನ್ನು ಡ್ರಮ್ಮಿನ ಬಾಯಿಗೆ ಸುರಿಯುತ್ತಾರೆ, ಮುಚ್ಚಳ ಹಾಕುತ್ತಾರೆ, ಸ್ಟೂಲು ಎಳೆದುಕೊಂಡು ಎಡಗಿವಿಯನ್ನು ಡ್ರಮ್ಮಿನತ್ತ ಒಡ್ಡಿ ಕೂರುತ್ತಾರೆ. ಇನ್ನು ಹದಿನೆಂಟು ನಿಮಿಷ ಅವರನ್ನು ಮಾತಾಡಿಸುವಂತಿಲ್ಲ.

ಮೊದಲ ಹತ್ತು ನಿಮಿಷ ಬರೀ ಜಲ್ಲಿಕಲ್ಲು ಉರುಳಿದ ಸದ್ದು. ಆಮೇಲೆ ಒಂದು ಬೀಜ ಚಟ್ ಎನ್ನುತ್ತದೆ. ಸ್ವಲ್ಪ ತಡೆದು ಇನ್ನೊಂದು. ನೋಡನೋಡುತ್ತ ಇಡೀ ಡ್ರಮ್ಮು ಚಟಪಟಗುಟ್ಟುತ್ತದೆ. ಅಕ್ಕ ಎದ್ದು ಉರಿ ಸಣ್ಣಗೆ ಮಾಡುತ್ತಾರೆ. ಸದ್ದು ಅಡಗಿ ಕೋಣೆ ಮತ್ತೆ ಸುಮ್ಮನಾಗುವ ಆ ಎರಡು ನಿಮಿಷವೇ ಇಡೀ ಕೆಲಸದ ಜೀವ. ಉದ್ದ ಹಿಡಿಯ ಚಮಚ ಹಾಕಿ ನಾಲ್ಕು ಬೀಜ ಹೊರಗೆಳೆದು, ದೀಪದ ಕೆಳಗೆ ಬಣ್ಣ ನೋಡುತ್ತಾರೆ. ಎರಡನೇ ಸಲದ ಸಿಡಿತ ಶುರುವಾಗುವ ಮುಂಚೆ ಬೀಜ ಹೊರಬೀಳಬೇಕು. ಅರ್ಧ ನಿಮಿಷ ಮೈಮರೆತರೆ ಹನ್ನೆರಡು ಕೆಜಿಯೂ ಇದ್ದಿಲು.

ಇದನ್ನೆಲ್ಲ ನೋಡಿದವರಿಗೆ ಒಂದು ಅನುಮಾನ ಬರುತ್ತದೆ. ಕಾಫಿ ಹುರಿಯುವವರು ಮೂಗಿನಿಂದ ಹುರಿಯುತ್ತಾರೆಂದು ಕೇಳಿದ್ದೇವೆ. ಅಕ್ಕ ಮೂಗನ್ನು ಅತ್ತ ಒಯ್ಯುವುದೇ ಇಲ್ಲ. ಕೇಳಿದರೆ ಬೀಜ ಆರಿಸುವ ತಟ್ಟೆಯಲ್ಲಿ ಕೈಯಾಡಿಸುತ್ತಲೇ ಉತ್ತರಿಸುತ್ತಾರೆ. "ನನಗೆ ವಾಸನೆ ಬರಲ್ಲ. ಎರಡು ವರ್ಷ ಆಯ್ತು."

ಅವರನ್ನು ಓಣಿಯವರೆಲ್ಲ ಹೊಗೆಯಕ್ಕ ಎನ್ನುವುದು ಮೈಗೆ ಅಂಟಿದ ಹೊಗೆಯ ವಾಸನೆಯಿಂದಾಗಿ. ಬಸ್ಸಿನಲ್ಲಿ ಪಕ್ಕ ಕೂತವರು ಎಲ್ಲೋ ಕಾಫಿ ಮಾಡುತ್ತಿದ್ದಾರೆ ಎಂದುಕೊಂಡು ಕಿಟಕಿಯಾಚೆ ನೋಡುತ್ತಾರಂತೆ. ಈಗ ವಯಸ್ಸು ಐವತ್ತೆರಡು. ಈ ಕೋಣೆಗೆ ಬಂದದ್ದು ಇಪ್ಪತ್ತೊಂದರಲ್ಲಿ, ಮದುವೆಯಾದ ಮೂರನೇ ತಿಂಗಳಿಗೆ. ಅಂಗಡಿ ಗಂಡನ ಅಣ್ಣನದು. ಮುಂದಿನ ಗಲ್ಲಾದಲ್ಲಿ ಭಾವ, ಹಿಂದಿನ ಡ್ರಮ್ಮಿನಲ್ಲಿ ಗಂಡ. ಹುರಿಯುವುದನ್ನು ಹೇಳಿಕೊಟ್ಟವರು ಗಂಡನೇ. ಮೊದಲು ಹಸಿ ಹುಲ್ಲಿನ ವಾಸನೆ ಬರುತ್ತೆ, ಆಮೇಲೆ ಬಿಸಿ ಬ್ರೆಡ್ಡಿನದು, ಆಮೇಲೆ ಸಕ್ಕರೆ ಕರಗಿದ ವಾಸನೆ, ಅಲ್ಲಿಗೆ ನಿಲ್ಲಿಸು ಎಂದು ಪಾಠ. ಕಣ್ಣು ಕಟ್ಟಿ ಕೂರಿಸಿ ಹೇಳಿಸುತ್ತಿದ್ದರಂತೆ. ಒಂಬತ್ತು ವರ್ಷದ ಹಿಂದೆ ಎದೆನೋವು ಬಂದು ಅವರು ತೀರಿಕೊಂಡ ಮೇಲೆ ಡ್ರಮ್ಮು ಅಕ್ಕನೊಬ್ಬರ ಪಾಲಿಗೇ ಬಂತು.

ಆಗ ದಿನಕ್ಕೆ ಐದು ಸಲ ಹುರಿಯುತ್ತಿದ್ದರು. ಅರವತ್ತು ಕೆಜಿ ಹಸಿ ಬೀಜ, ಹುರಿದ ಮೇಲೆ ಐವತ್ತು. ಈಗ ಒಂದೇ ಸಲ. ಅದೂ ಒಮ್ಮೊಮ್ಮೆ ಸಂಜೆಗೆ ಡಬ್ಬದಲ್ಲಿ ಉಳಿಯುತ್ತದೆ. ಮುಖ್ಯರಸ್ತೆಯಲ್ಲಿ ದೊಡ್ಡ ಕಂಪನಿಯೊಂದರ ಕಾಫಿ ಅಂಗಡಿ ತೆರೆದು ನಾಲ್ಕು ವರ್ಷ. ಅಂಥವು ಇದೇ ಊರಲ್ಲಿ ಹನ್ನೊಂದಿವೆ. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಮೆತ್ತನೆಯ ಕುರ್ಚಿ. ಅಕ್ಕನ ಒಬ್ಬಳೇ ಮಗಳು ಪುಟ್ಟಿ ಕೆಲಸ ಮಾಡುವುದು ಅಲ್ಲಿಯೇ. ಏಳು ಗಂಟೆಗೆ ಕೌಂಟರಿನ ಹಿಂದೆ ಹಸಿರು ಟೋಪಿ ಹಾಕಿ ನಿಂತಿರಬೇಕು.

ಮಗಳು ಎದುರಾಳಿಯ ಪಾಳಯ ಸೇರಿದಳು ಎಂದು ಓಣಿಯಲ್ಲಿ ತಮಾಷೆ ಮಾಡುವವರಿದ್ದಾರೆ. ಅಕ್ಕನಿಗೆ ಆ ಕಾಫಿಯ ಮೇಲೆ ಸಿಟ್ಟಿಲ್ಲ. "ಅವರ ಕಷ್ಟ ಬೇರೆ. ನೂರು ಅಂಗಡೀಲೂ ಒಂದೇ ರುಚಿ ಬರಬೇಕು. ಒಂದೊಂದು ಮೂಟೆ ಬೀಜ ಒಂದೊಂದು ಥರ ಇರುತ್ತೆ. ಎಲ್ಲಾನೂ ಒಂದೇ ಮಾಡಬೇಕಂದ್ರೆ ಕಪ್ಪಗೆ ಹುರೀಬೇಕು. ಕಪ್ಪಗಾದ ಮೇಲೆ ಯಾವ ಬೀಜ ಆದ್ರೇನು?" ಎಲ್ಲಿಯೋ ಹುರಿದ ಬೀಜ ಪೊಟ್ಟಣದಲ್ಲಿ ತಿಂಗಳುಗಟ್ಟಲೆ ಕೂತು ಬರುತ್ತದೆ, ಗುಂಡಿ ಒತ್ತಿದರೆ ಇಪ್ಪತ್ತೈದು ಸೆಕೆಂಡಿಗೆ ಕಾಫಿ ಇಳಿಯುತ್ತದೆ, ಕಡಿಮೆ ಬಿದ್ದ ರುಚಿಯನ್ನು ಹಾಲು ಸಕ್ಕರೆ ನೋಡಿಕೊಳ್ಳುತ್ತವೆ ಎನ್ನುವುದು ಪುಟ್ಟಿಯ ವರದಿ.

ಹಾಗಾದರೆ ಒಳ್ಳೆಯ ಕಾಫಿ ಎಂದರೇನು? ಹುರಿದ ಬೀಜಕ್ಕೆ ಎರಡು ದಿನ ಉಸಿರಾಡಲು ಬಿಡಬೇಕು. ಬೇಕಾದಷ್ಟನ್ನೇ, ಬೇಕಾದಾಗಲೇ ಪುಡಿ ಮಾಡಬೇಕು. ನೀರು ಕುದಿದ ಮೇಲೆ ಒಲೆ ಆರಿಸಿ, ಗುಳ್ಳೆ ಅಡಗಿದ ಮೇಲೆ ಹೊಯ್ಯಬೇಕು. ಅಕ್ಕ ಹೇಳುವುದು ಇಷ್ಟೇ. ಇದರಲ್ಲಿ ಗುಟ್ಟೇನೂ ಇಲ್ಲ, ತಾಳ್ಮೆ ಬೇಕು ಎನ್ನುತ್ತಾರೆ. ಪರೀಕ್ಷೆಯೂ ಸುಲಭದ್ದು. "ಬಿಸಿ ಇದ್ದಾಗ ಎಲ್ಲಾ ಕಾಫೀನೂ ಚೆನ್ನಾಗೇ ಇರುತ್ತೆ. ಆರಿದ ಮೇಲೆ ಕುಡಿದು ನೋಡಿ. ಒಳ್ಳೇದಾದ್ರೆ ಆಗಲೂ ಒಳಗೆ ಇಳಿಯುತ್ತೆ."

ಇಷ್ಟು ಬಲ್ಲವರಿಗೆ ಈಗ ಕಾಫಿ ಎಂದರೆ ಬಿಸಿ ಮತ್ತು ಕಹಿ, ಅಷ್ಟೇ. ಎರಡು ವರ್ಷದ ಹಿಂದೆ ಹನ್ನೆರಡು ದಿನ ಜ್ವರ ಮಲಗಿಸಿತು. ಎದ್ದು ಕೆಲಸಕ್ಕೆ ಬಂದ ಮೊದಲ ಬೆಳಿಗ್ಗೆ ಬೀಜ ಸುರಿದು ಕೂತರು. ಹುಲ್ಲಿನ ವಾಸನೆ ಬರಲಿಲ್ಲ. ಉರಿ ಸಾಲದೇನೋ ಎಂದು ಜಾಸ್ತಿ ಮಾಡಿದರು. ಬ್ರೆಡ್ಡಿನ ವಾಸನೆಯೂ ಬರಲಿಲ್ಲ. ಇನ್ನೂ ಜಾಸ್ತಿ ಮಾಡಿದರು. ಕಣ್ಣು ಉರಿದು ನೀರು ಸುರಿಯತೊಡಗಿದಾಗಲೇ ಕೋಣೆಯ ತುಂಬ ಹೊಗೆ ತುಂಬಿದ್ದು ತಿಳಿದದ್ದು. ತೆರೆದು ನೋಡಿದರೆ ಡ್ರಮ್ಮಿನೊಳಗೆ ಬೆಂಕಿ. ಗೋಣಿ ನೆನೆಸಿ ಮುಚ್ಚಿ, ಒಬ್ಬರೇ ಆರಿಸಿದರು. ಬಲ ಮುಂಗೈಯ ಮೇಲೆ ಅಂಗೈಯಗಲದ ಗುರುತು ಅವತ್ತಿನದು. ಭಾವ ಬರುವ ಹೊತ್ತಿಗೆ ನೆಲ ತೊಳೆದಾಗಿತ್ತು. ಉರಿ ಏರಿಬಿಟ್ಟಿತು ಎಂದಷ್ಟೇ ಹೇಳಿದರು.

ಡಾಕ್ಟರು ಮೂರು ತಿಂಗಳು ಕಾಯಿರಿ ಎಂದರು, ಆಮೇಲೆ ಆರು ಎಂದರು, ಆಮೇಲೆ ಏನೂ ಅನ್ನಲಿಲ್ಲ. ಆ ದಿನಗಳನ್ನು ಅಕ್ಕ ನಿಧಾನವಾಗಿ ನೆನೆಸಿಕೊಳ್ಳುತ್ತಾರೆ. ಹಾಲು ಕೆಟ್ಟಿದ್ದು ತಿಳಿಯದೆ ಕುಡಿದದ್ದು. ಒಲೆಯ ಮೇಲೆ ಪಾತ್ರೆ ಸೀದು ವಾಸನೆ ಹೊರಗೆಲ್ಲ ಹರಡಿದ್ದರೂ ತಿಳಿಯದೆ, ಪಕ್ಕದ ಮನೆಯವರು ಬಂದು ಬಾಗಿಲು ಬಡಿದದ್ದು. ಗಂಡನ ಹಳೆಯ ಕೋಟೊಂದು ಬಾಗಿಲ ಹಿಂದೆ ಇನ್ನೂ ತೂಗುತ್ತಿದೆ. ಎಂಟು ವರ್ಷ ಅದನ್ನು ಒಗೆದಿರಲಿಲ್ಲ. "ಹಾದು ಹೋಗುವಾಗ ಅವರು ಇದ್ದ ಹಾಗೇ ಆಗ್ತಿತ್ತು. ಈಗ ಅದು ಬಟ್ಟೆ," ಎನ್ನುತ್ತಾರೆ. ಕಳೆದ ವರ್ಷ ಅದನ್ನು ಒಗೆದುಹಾಕಿದರು.

ಯಾರಿಗೂ ಹೇಳಲಿಲ್ಲ, ಪುಟ್ಟಿಯೊಬ್ಬಳ ಹೊರತು. ಹುರಿಯುವವರಿಗೆ ಮೂಗಿಲ್ಲ ಎಂದರೆ ಕೊಳ್ಳುವವರು ಯಾರು? ಹೇಳುವಂತಿಲ್ಲ, ಬಿಡುವಂತಿಲ್ಲ, ನುಂಗಲಾರದ ಬಿಸಿತುಪ್ಪ. ಅಮ್ಮ ಮಗಳು ಸೇರಿ ಒಂದು ದಾರಿ ಹುಡುಕಿದರು. ಪುಟ್ಟಿ ನಾಲ್ಕೂವರೆಗೆ ಎದ್ದು ಅಮ್ಮನ ಜೊತೆ ಬರುತ್ತಿದ್ದಳು. ಅವಳು ಕೋಣೆಯ ಮೂಲೆಯಲ್ಲಿ ನಿಂತು ವಾಸನೆ ಹೇಳುವುದು, ಅಮ್ಮ ಆ ಹೊತ್ತಿನ ಸದ್ದು ಯಾವುದು, ಬಣ್ಣ ಎಷ್ಟು ಎಂದು ಗುರುತಿಟ್ಟುಕೊಳ್ಳುವುದು. ಏಳು ತಿಂಗಳು ಹೀಗೆ ನಡೆಯಿತು. ಎಷ್ಟೋ ಬೀಜ ಹಾಳಾಯಿತು. ಕೊನೆಗೆ ಒಂದು ಬೆಳಿಗ್ಗೆ ಪುಟ್ಟಿ ಬಾಯಿ ತೆರೆಯುವ ಮುಂಚೆಯೇ ಅಕ್ಕ ಬೀಜ ಹೊರಗೆ ಸುರಿದರು. ಮಗಳು ಮೂಸಿ ನೋಡಿ ಸರಿಯಾಗಿದೆ ಎಂದಳಂತೆ. ಈಗಲೂ ಕೆಲಸಕ್ಕೆ ಹೋಗುವ ಮುನ್ನ ಒಮ್ಮೆ ಬಂದು ತಟ್ಟೆಯ ಮೇಲೆ ಬಗ್ಗಿ ಮೂಸಿ ಹೋಗುತ್ತಾಳೆ.

ಮುಚ್ಚಿಟ್ಟದ್ದು ಹೊರಬಿದ್ದದ್ದು ಎರಡು ತಿಂಗಳ ಹಿಂದೆ. ಪುಟ್ಟಿಯ ಕಂಪನಿಯ ಹುರಿಯುವ ಘಟಕಕ್ಕೆ ರುಚಿ ನೋಡುವವರು ಬೇಕಾಗಿದ್ದರು. ಯಾರೋ ಅಕ್ಕನ ಹೆಸರು ಹೇಳಿರಬೇಕು. ಅಧಿಕಾರಿಯೊಬ್ಬರು ಅಂಗಡಿಗೇ ಬಂದರು. ಕೂತು ಮಾಡುವ ಕೆಲಸ, ಹೊಗೆಯಿಲ್ಲ, ವಾರಕ್ಕೊಂದು ರಜೆ. ಗಲ್ಲಾದ ಪಕ್ಕದಲ್ಲೇ ಐದು ಲೋಟ ಜೋಡಿಸಿ, ಇವುಗಳಲ್ಲಿ ಯಾವುದು ಹಳೆಯ ಬೀಜದ್ದು ಹೇಳಿ ಎಂದರು. ಭಾವ ಹೆಮ್ಮೆಯಿಂದ ಎದ್ದು ನಿಂತಿದ್ದರು. ಅಕ್ಕ ಮೊದಲ ಲೋಟ ಎತ್ತಿದರು, ಕೆಳಗಿಟ್ಟರು. ಏನೋ ಒಂದು ಹೇಳಬಹುದಿತ್ತು, ಐದರಲ್ಲಿ ಒಂದು. ಹಾಗೆ ಹೇಳದೆ, ತಮಗೆ ವಾಸನೆ ಹೋಗಿ ಎರಡು ವರ್ಷವಾಯಿತು ಎಂದು ಹೇಳಿಬಿಟ್ಟರು. ಬಂದವರು ಸಭ್ಯರು. ಲೋಟಗಳನ್ನು ತಾವೇ ತೊಳೆದಿಟ್ಟು ಹೋದರು.

ಭಾವ ಆ ದಿನ ಬೇಗನೆ ಗಲ್ಲಾ ಮುಚ್ಚಿ ಮನೆಗೆ ಹೋದರು. ಒಂಬತ್ತಕ್ಕೆ ಮುಂಚೆ ಅಂಗಡಿಯತ್ತ ಸುಳಿಯದ ಎಪ್ಪತ್ತೊಂದರ ಮನುಷ್ಯ ಮಾರನೆಯ ದಿನ ಐದು ಗಂಟೆಗೇ ಬಂದು ಡ್ರಮ್ಮಿನ ಎದುರು ಕೂತರು. ಬೈಗುಳಕ್ಕೆ ಅಕ್ಕ ತಯಾರಾಗಿದ್ದರು. ಹುರಿದು ಮುಗಿಯುವ ತನಕ ಕಾದು, ಭಾವ ಜೇಬಿನಿಂದ ನಶ್ಯದ ಡಬ್ಬಿ ತೆಗೆದು ತೋರಿಸಿದರು. "ನಲವತ್ತು ವರ್ಷ ಇದನ್ನ ಏರಿಸಿದೀನಮ್ಮ. ನನ್ನ ಮೂಗು ಸತ್ತು ಎಷ್ಟು ಕಾಲ ಆಯ್ತೋ. ಪುಡಿ ಚೆನ್ನಾಗಿದೆ ಅಂತ ಗಿರಾಕಿಗಳಿಗೆ ಹೇಳ್ತಿದ್ದೆನಲ್ಲ, ಅದು ನಿನ್ನ ಗಂಡನ ಮೇಲಿನ ನಂಬಿಕೆ. ಆಮೇಲೆ ನಿನ್ನ ಮೇಲಿಂದು." ಇಬ್ಬರಿಗೂ ನಗು ಬಂತಂತೆ. ಅದೇ ಉಸಿರಿನಲ್ಲಿ ಭಾವ ಇನ್ನೊಂದು ಮಾತನ್ನೂ ಹೇಳಿದರು. ಈ ವರ್ಷದ ಕೊನೆಗೆ ಅಂಗಡಿ ಮುಚ್ಚುತ್ತಾರೆ. ಕಾಲು ಊತ, ಮೆಟ್ಟಿಲು ಹತ್ತಲಾಗುವುದಿಲ್ಲ. ಡ್ರಮ್ಮಿನ ಅಚ್ಚು ಸವೆದಿದೆ, ಅದನ್ನು ರಿಪೇರಿ ಮಾಡುತ್ತಿದ್ದ ಲೇತಿನವನು ಊರು ಬಿಟ್ಟಿದ್ದಾನೆ.

ಹೀಗಾಗಿ ಅಕ್ಕನಿಗೆ ಉಳಿದಿರುವುದು ಹನ್ನೊಂದು ವಾರ. ಮುಂದೇನು ಎಂದರೆ ಗೊತ್ತಿಲ್ಲ. ಮೂವತ್ತೊಂದು ವರ್ಷ ಒಂದೇ ಕೆಲಸ ಮಾಡಿದ ಕೈಗೆ ಬೇರೆ ಕೆಲಸ ಯಾರು ಕೊಡುತ್ತಾರೆ? ಪುಟ್ಟಿ ತನ್ನ ಅಂಗಡಿಯಲ್ಲಿ ಅಮ್ಮನಿಗೆ ಲೋಟ ತೊಳೆಯುವ ಕೆಲಸ ಕೇಳಿದ್ದಾಳೆ. ವಯಸ್ಸು ಜಾಸ್ತಿ ಎಂದು ಉತ್ತರ ಬಂದಿದೆ. ಅದನ್ನು ಹೇಳುವಾಗ ಅಕ್ಕ ಮುಖ ತಿರುಗಿಸಿ, ಬಿಸಿ ಬೀಜದಲ್ಲಿ ಕಲ್ಲು ಹುಡುಕುವ ನೆಪ ಮಾಡುತ್ತಾರೆ. ಒಮ್ಮೊಮ್ಮೆ ಬೆಳಿಗ್ಗೆ ಬಾಗಿಲು ತೆಗೆಯುವಾಗ, ಇವತ್ತು ವಾಸನೆ ಬರುತ್ತದೇನೋ ಎಂದು ಉಸಿರೆಳೆದು ನೋಡುವುದು ಇನ್ನೂ ತಪ್ಪಿಲ್ಲ. ತಣ್ಣಗಿನ ಗಾಳಿ ಮಾತ್ರ ಒಳಗೆ ಹೋಗುತ್ತದೆ.

ಪತ್ರಿಕೆಯವರೊಡನೆ ಮಾತಾಡಲು ಅವರು ಮೂರು ಸಲ ಒಲ್ಲೆ ಎಂದವರು. ನಾಲ್ಕನೇ ಸಲ ತಾವೇ ಹೇಳಿಕಳಿಸಿದರು. ಕಾರಣ ಕೇಳಿದರೆ, ಮುಂದಿನ ಅಂಗಡಿಯಲ್ಲಿ ಪುಡಿಗಾಗಿ ನಿಂತ ಗಿರಾಕಿಗಳತ್ತ ಬಾಗಿಲ ಸಂದಿಯಿಂದ ನೋಡುತ್ತಾರೆ. ಒಂಬತ್ತು ದಾಟಿದೆ, ಇವತ್ತು ನಾಲ್ಕು ಜನ. ಅವರಲ್ಲೊಬ್ಬರು, ಕನ್ನಡಕ ರಿಪೇರಿಯ ಮುದುಕರು, ಇಪ್ಪತ್ತಾರು ವರ್ಷದಿಂದ ಬರುತ್ತಿರುವವರು.

"ಎರಡು ವರ್ಷ ಇವರಿಗೆ ಹೇಳದೇ ಕೊಟ್ಟಿದೀನಿ. ಒಬ್ಬೊಬ್ಬರನ್ನೇ ನಿಲ್ಲಿಸಿ ಹೇಳೋಕೆ ಬಾಯಿ ಬರಲ್ಲ. ನೀವು ಬರೆದ್ರೆ ಓದ್ಕೋತಾರೆ," ಎನ್ನುತ್ತಾರೆ ಅಕ್ಕ. ನಿಜವಾದ ಹೆಸರು ಹಾಕಬೇಕೇ ಎಂದರೆ ಬೇಡ, ಹೊಗೆಯಕ್ಕ ಎಂದರೆ ಸಾಕು, ತಿಳಿಯುತ್ತದೆ ಎನ್ನುತ್ತಾರೆ. ಪುಡಿ ಮಾಡುವ ಮೆಷಿನ್ನಿಗೆ ಕೈ ಹಾಕಿದವರು ತಡೆದು, ಇತ್ತ ತಿರುಗಿ, ದನಿ ತಗ್ಗಿಸಿ ಕೇಳುತ್ತಾರೆ:

"ಪುಡಿ ಕೆಟ್ಟಿದ್ದಿದ್ರೆ ಇವರು ಅವತ್ತೇ ಹೇಳಿರೋರು, ಅಲ್ವಾ?"