ಎರಡನೇ ನೀರು

ಅಕ್ಕನ ನಾಲಿಗೆಯಿಂದ ರುಚಿ ಹೋದದ್ದು ಯಾವಾಗ ಎಂದು ಈಗ ಖಚಿತವಾಗಿ ಹೇಳಲಾರೆ. ಬೆಸಗರಹಳ್ಳಿಯಿಂದ ಅವಳನ್ನು ಮಂಡ್ಯದ ನಮ್ಮ ಮನೆಗೆ ಕರೆತಂದು, ಚಿಕಿತ್ಸೆಗೆಂದು ಮೈಸೂರಿಗೆ ಹೋಗಿ ಬರುವುದು ಶುರುವಾದ ಮೇಲೆ ಅನ್ನ ಮಣ್ಣು ಅಂದಳು, ಎಳನೀರು ಕಬ್ಬಿಣ ಅಂದಳು. ಮುದ್ದೆಯನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದಳು. ಹೊಟ್ಟೆಗೆ ಏನಾದರೂ ಹೋಗಲೇಬೇಕು, ಇಲ್ಲವಾದರೆ ಮುಂದಿನ ಚಿಕಿತ್ಸೆಯನ್ನು ಮೈ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವಳು ತಾನಾಗಿ ಬಾಯಿಬಿಟ್ಟು ಕೇಳಿದ್ದು ಒಂದೇ, ಕಾಫಿ.

ನಮ್ಮಲ್ಲೊಂದು ಕಾಫಿ ಮಿಷನ್ ಇತ್ತು. ನನ್ನ ಹೆಂಡತಿ ಮಳವಳ್ಳಿಯ ಶಾಲೆಗೆ ಬೆಳಗಿನ ಬಸ್ಸು ಹಿಡಿಯಬೇಕು. ಗುಂಡಿ ಒತ್ತಿದರೆ ಒಂದು ಲೋಟ ಕಾಫಿ ಇಳಿಯುತ್ತದೆಂದು ತಂದದ್ದು. ಅದಕ್ಕೆ ಹಾಕುವ ಪುಡಿ ತುಂಬಿದ ಪುಟ್ಟ ಡಬ್ಬಿಗೆ ಪಾಡ್ ಅನ್ನುತ್ತಾರೆ. ಒಂದು ಲೋಟಕ್ಕೆ ಒಂದು, ಆಮೇಲೆ ಕಸ. ಅವು ಮುಗಿದಾಗ ಸ್ಟೀಲಿನದೊಂದನ್ನು ತರಿಸಿಕೊಂಡೆವು. ನಮ್ಮದೇ ಪುಡಿ ತುಂಬಿ, ಮುಚ್ಚಳ ತಿರುಗಿಸಿ, ತೊಳೆದು ಮತ್ತೆ ಮತ್ತೆ ಬಳಸುವಂಥದ್ದು.

ಅಕ್ಕ ಅದನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. "ಇದೇನ್ಲಾ, ಕುಂಕುಮದ ಡಬ್ಬಿ ಇದ್ದಂಗದೆ?"

"ಕಾಫಿ ಪುಡಿ ತುಂಬೋದು ಕಣಕ್ಕ."

"ಒಂದು ಲೋಟಕ್ಕೆ ಇಷ್ಟೊಂದು ಸಡಗರವಾ! ಓದ್ದೋರ ಮನೆ ಅಂದ್ರೆ ಇದೇ ಬುಡು."

ಅವಳಿಗೆ ಯಾವ ಕಾಫಿ ಮಾಡಿಕೊಡಬೇಕೆಂಬುದು ನನಗೆ ಗೊತ್ತಿತ್ತು, ಅಥವಾ ಹಾಗೆ ಅಂದುಕೊಂಡಿದ್ದೆ. ಹೈಸ್ಕೂಲು ಓದುವಾಗ ನಾನಿದ್ದದ್ದು ಅವಳ ಗಂಡನ ಮನೆಯಲ್ಲಿ. ಬೆಳಗ್ಗೆ ಒಲೆಯ ಪಕ್ಕ ಅವಳು ಒಂದು ಲೋಟದ ಕಾಫಿಯನ್ನು ಎರಡು ಮಾಡುತ್ತಿದ್ದಳು. ಇಬ್ಬರೂ ಎದುರುಬದುರು ಕೂತು ಕುಡಿಯುತ್ತಿದ್ದೆವು. ಬೆಲ್ಲ ಹಾಕಿದ ಗಟ್ಟಿ ಕಾಫಿ. ನಾನು ಇತಿಹಾಸ ಪಾಠ ಮಾಡುವವನು. ಒಬ್ಬನೇ ಸಾಕ್ಷಿ ಹೇಳಿದ್ದನ್ನು ನಂಬಬೇಡಿ ಎಂದು ಕಾಲೇಜಿನಲ್ಲಿ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಈ ಒಂದು ಚಿತ್ರವನ್ನು ಮಾತ್ರ ಎಂದೂ ಅನುಮಾನಿಸಿರಲಿಲ್ಲ.

ಮದ್ದೂರಿನ ಅಂಗಡಿಯಿಂದ ಪುಡಿ ತಂದೆ. ಅದು ತೀರಾ ನುಣ್ಣಗಿದ್ದು ಪಾಡಿನ ತೂತುಗಳು ಕಟ್ಟಿಕೊಂಡವು, ನೀರು ಪಕ್ಕದಿಂದ ಸೋರಿತು. ಮತ್ತೆ ಹೋಗಿ ತರಿಯಾಗಿ ಬೀಸಿಸಿಕೊಂಡು ಬಂದೆ. ಆಲೆಮನೆಯ ಬೆಲ್ಲ ಹುಡುಕಿದೆ. ಹಾಲು ಗಟ್ಟಿ ಮಾಡಿದೆ. ಪ್ರತಿ ಸಲವೂ ಅಕ್ಕ ಒಂದು ಗುಟುಕು ಕುಡಿದು ಲೋಟವನ್ನು ಕೆಳಗಿಡುತ್ತಿದ್ದಳು. "ಚೆನ್ನಾಗದೆ. ಸಾಕು ಕಣ್ಲಾ."

ಒಂದು ಬೆಳಗ್ಗೆ, ಹೆಂಡತಿ ಬಸ್ಸಿಗೆ ಹೋದ ಮೇಲೆ, ಅವಳು ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಬಂದಳು. ನಾನು ಪಾಡಿನ ಚರಟವನ್ನು ಕಸದ ಬುಟ್ಟಿಗೆ ಕೊಡವಲು ಹೊರಟಿದ್ದೆ.

"ಅಯ್ಯೋ, ಚೆಲ್ಬ್ಯಾಡ! ಅದ್ನ ಅಂಗೇ ಇಕ್ಕಿ ಇನ್ನೊಂದ್ಸಲ ನೀರು ಬುಡು."

"ಅದರಲ್ಲಿ ಇನ್ನೇನೂ ಇಲ್ಲ ಅಕ್ಕ."

"ಬುಡ್ಲಾ ಅಂದ್ರೆ."

ಬಿಟ್ಟೆ. ಹೊಲದ ಕಾಲುವೆಯ ನೀರಿನ ಬಣ್ಣದ್ದು ಇಳಿಯಿತು. ಹಾಲು, ಬೆಲ್ಲ ಹಾಕಿಕೊಟ್ಟೆ. ಅವಳು ಕಿಟಕಿಯ ಹತ್ತಿರ ನಿಂತೇ ಕುಡಿದಳು, ಕೊನೆಯ ಗುಟುಕಿನವರೆಗೂ. ಲೋಟ ಬೋರಲು ಹಾಕಿ ತೋರಿಸಿದಳು.

"ಈಗ ನೋಡು, ಇದು ನನ್ ಕಾಫಿ."

"ಯಾವಾಗಲೂ ನೀನು ಇದನ್ನೇ ಕುಡೀತಿದ್ದೆಯಾ?"

"ಇನ್ನೇನು ಮತ್ತೆ? ಬಟ್ಟೇಲಿ ಸೋಸಿದ್ ಮೊದಲ್ನೇದು ನಮ್ ಮಾವುಂಗೆ, ನಿಮ್ ಬಾವುಂಗೆ, ಆಮೇಕೆ ನಿಂಗೆ. ಚರಟಕ್ಕೆ ನೀರು ಉಯ್ದು ಕಾಸುದ್ರೆ, ಅದು ನಂದು."

"ಇಲ್ಲ ಅಕ್ಕ. ಒಂದೇ ಲೋಟದ್ದು ಹಂಚಿಕೊಂಡು ಕುಡೀತಿದ್ವಿ. ನೀನು ನನ್ನ ಎದುರಿಗೆ ಕೂತಿರ್ತಿದ್ದೆ."

"ಕೂತ್ಕೊಂಡು ಕುಡಿಯೋಕೆ ನಮ್ಮತ್ತೆ ಬುಟ್ಟಾಳಾ? ನೀನು ಇಸ್ಕೂಲಿಗೆ ಓದ್ಮೇಲೆ ನಾನು ನಿಂತ್ಕೊಂಡೇ ಕುಡೀತಿದ್ದೆ."

"ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ."

"ನಿನ್ ಕಣ್ಣಿಗೆ ಅಂಗೇ ಕಾಣ್ಲಿ ಬುಡು. ಅದ್ಕೇನು ಕಾಸಾ, ಕರ್ಚಾ?"

ಆ ದಿನವೆಲ್ಲ ಅದನ್ನೇ ಕೆದಕುತ್ತಿದ್ದೆ. ಕೇಳೋಣವೆಂದರೆ ಭಾವ ಇಲ್ಲ, ಅವರ ತಾಯಿಯೂ ಇಲ್ಲ. ಔಷಧಿಯ ಮಂಪರಿನಲ್ಲಿ ಅಕ್ಕ ಸೋಮವಾರವನ್ನು ಗುರುವಾರ ಅನ್ನುತ್ತಿದ್ದಳು, ಅವಳ ಮಾತನ್ನೇ ಹೇಗೆ ನಂಬುವುದು? ಅವಳೆದುರು ಕೂತು ಕುಡಿದದ್ದು ಸುಳ್ಳಾದರೆ, ಆ ಮನೆಯ ನನ್ನ ಬೇರೆ ನೆನಪುಗಳಿಗೆ ಏನು ಆಧಾರ? ಎರಡನೇ ನೀರಿನದನ್ನು ನಾನೂ ಕುಡಿದು ನೋಡಿದೆ. ಪರಿಚಿತ ಅನ್ನಿಸಿತು. ಹಾಗೆ ಅನ್ನಿಸಲಿ ಎಂದು ಬಯಸಿದ್ದರಿಂದಲೂ ಇರಬಹುದು.

ಒಂದಷ್ಟು ದಿನ ಒಳ್ಳೆಯದಾಗಿಯೇ ನಡೆಯಿತು. ಮೊದಲನೆಯದನ್ನು ನಾನು ಕುಡಿಯುತ್ತಿದ್ದೆ, ಅದೇ ಪುಡಿಯ ಎರಡನೆಯದನ್ನು ಅವಳು. ಕಾಫಿಯ ಜೊತೆ ಅರ್ಧ ಇಡ್ಲಿಯೂ ಇಳಿಯಿತು. ಆಮೇಲೆ ಎರಡನೆಯದೂ ಕಟುವಾಯಿತು, ಮೂರನೇ ಸಲ ನೀರು ಬಿಡು ಅಂದಳು. ಹಾಲು ಬೇಡ ಅಂದಳು. ಬೆಲ್ಲ ಬೇಡ ಅಂದಳು. ಕೊನೆಕೊನೆಗೆ ಅದೇ ಚರಟದಿಂದ ಇಳಿಯುತ್ತಿದ್ದದ್ದು ಬರೀ ಬಿಸಿನೀರು. ಮಿಷನ್ನಿನ ಸದ್ದು ಮಾತ್ರ ಮೊದಲಿನಷ್ಟೇ ಜೋರು. ಅವಳು ಅದನ್ನು ಊದಿ ಊದಿ ಕುಡಿಯುತ್ತಿದ್ದಳು. ಬರೀ ನೀರು ಕುಡಿದು ಯಾರೂ ಬದುಕುವುದಿಲ್ಲವೆಂದು ನನಗೆ ಗೊತ್ತಿತ್ತು. ಬಹುಶಃ ಅವಳಿಗೂ.

ಅದಕ್ಕೇ ಒಂದು ದಿನ ಅವಳಿಗೆ ಹೇಳದೆ ಪಾಡ್ ತೊಳೆದು ಹೊಸ ಪುಡಿ ತುಂಬಿದೆ. ಕಂಡೂ ಕಾಣದಷ್ಟು ಡಿಕಾಕ್ಷನ್ನು, ಗಟ್ಟಿ ಹಾಲು, ಸ್ವಲ್ಪ ಬೆಲ್ಲ. ಮೂರನೇ ನೀರಿನದೇ, ಹಾಲು ಮಾತ್ರ ಹಾಕಿದ್ದೀನಿ ಎಂದು ಮಂಚದ ಹತ್ತಿರ ಹಿಡಿದೆ. ತಲೆ ಎತ್ತಿ ಹಿಡಿಯಬೇಕಾಯಿತು. ತುಟಿಗೆ ತಾಗಿಸಿಕೊಂಡು ನಿಲ್ಲಿಸಿದಳು.

"ಇದು ಮೊದಲ್ನೇದು ಕಣ್ಲಾ."

"ಇಲ್ಲ ಅಕ್ಕ."

"ನೀನು ಕುಡಿ."

ರುಚಿ ಹೋದ ನಾಲಿಗೆಗೆ ಅದು ತಿಳಿಯಿತೋ, ಅಡಿಗೆಮನೆಯಲ್ಲಿ ಪುಡಿಯ ಡಬ್ಬಿ ತೆರೆದ ಸದ್ದು ಕೇಳಿಸಿತ್ತೋ ನಾನು ಕೇಳಲಿಲ್ಲ. ಆ ದಿನದ ಮೇಲೆ ಅವಳು ಮತ್ತೆ ಕಾಫಿ ಕೇಳಲಿಲ್ಲ. ಅಂದು ಅವಳು ನೋಡುತ್ತಿದ್ದಳು, ನಾನು ಎದುರಿಗೆ ಕುರ್ಚಿ ಎಳೆದುಕೊಂಡು ಕೂತು ಆ ಲೋಟ ಖಾಲಿ ಮಾಡಿದೆ.