ಅಕ್ಕನಿಗೆ ಕೊಟ್ಟ ಶಾಲು

ಎಂಬತ್ತರ ದಶಕದ ನಡುವಿನ ಮಾತು. ನಾವಾಗ ತುಮಕೂರಿನ ಬಟವಾಡಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅಕ್ಕ ಗುಬ್ಬಿಯ ಹೈಸ್ಕೂಲಿನಲ್ಲಿ ಟೀಚರ್. ಭಾವ ತೀರಿಕೊಂಡ ಮೇಲೆ ರಜಾದಿನಗಳಲ್ಲೆಲ್ಲ ಓದಿ, ಪರಿಸರ ಅಧ್ಯಯನದ ಪರೀಕ್ಷೆ ಕಟ್ಟಿ ಪಾಸಾಗಿದ್ದಳು. ಅದಕ್ಕೂ ಒಂದು ಪರೀಕ್ಷೆ ಇದೆಯಾ ಎಂದು ನೆಂಟರು ನಗುತ್ತಿದ್ದರು. ಅವಳು ಮಕ್ಕಳಿಂದ ಮನೆಮನೆಯ ಬಾವಿ ನೀರನ್ನು ಖಾಲಿ ಇಂಕ್ ಬಾಟಲಿಗಳಲ್ಲಿ ತರಿಸಿ ತರಗತಿಯ ಕಿಟಕಿಯಲ್ಲಿ ಇಡಿಸುತ್ತಿದ್ದಳು. ಬಿಸಿಲು ಬಿದ್ದಾಗ ಯಾವುದು ತಿಳಿ, ಯಾವುದರ ತಳದಲ್ಲಿ ಕೆಸರು ಕೂತಿದೆ ಎಂದು ಮಕ್ಕಳೇ ನೋಡಿ ಹೇಳಬೇಕು.

ಆ ವರ್ಷ ಊರಿನ ಒಂದು ಸಂಘದವರು ಪರಿಸರ ವಿಷಯದಲ್ಲಿ ಪದವಿ ಪಡೆದವರಿಗೂ ಅದನ್ನು ಕಲಿಸಿದವರಿಗೂ ಸನ್ಮಾನ ಇಟ್ಟುಕೊಂಡರು. ಅಕ್ಕನಿಗೂ ಕರೆ ಬಂತು. ಅವಳ ಹಳೆಯ ವಿದ್ಯಾರ್ಥಿನಿ, ಕುಣಿಗಲ್ಲಿನ ಮುಸ್ಲಿಂ ಮನೆತನದ ಹುಡುಗಿಗೂ ಬಂತು. ಅಕ್ಕ ಸಂತೋಷವನ್ನು ಬಾಯಲ್ಲಿ ಹೇಳಲಿಲ್ಲ. ಬೂದು ಬಣ್ಣದ ಸೀರೆಯನ್ನು ಮಾತ್ರ ಎರಡೆರಡು ಸಲ ಇಸ್ತ್ರಿ ಮಾಡಿಸಿಕೊಂಡು ಹಿಂದಿನ ದಿನವೇ ನಮ್ಮ ಮನೆಗೆ ಬಂದಳು. ಅದರ ಅಂಚು ಒಂದು ಕಡೆ ಬಿಟ್ಟಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಸಣ್ಣ ಹೊಲಿಗೆಯಲ್ಲಿ ನಾನು ಹೊಲಿದುಕೊಟ್ಟೆ.

ಸಂಜೆ ಸಂಘದ ಹಿರಿಯರೊಬ್ಬರು ಬಂದರು. ಕಾಫಿ ಲೋಟವನ್ನು ಕೈಯಲ್ಲಿ ಸುಮ್ಮನೆ ತಿರುಗಿಸುತ್ತಾ ಕೂತರು. ಆಮೇಲೆ ನನ್ನ ಕಡೆ ತಿರುಗಿ, ಹೆಣ್ಣುಮಕ್ಕಳಿಗೆ ವೇದಿಕೆಯಲ್ಲಿ ಅರಿಶಿನ ಕುಂಕುಮ ಕೊಟ್ಟು, ಮಡಿಲು ತುಂಬಿ, ಆಮೇಲೆ ಶಾಲು ಹೊದಿಸುವುದು ತಮ್ಮಲ್ಲಿ ಪದ್ಧತಿ ಎಂದರು. ಅಕ್ಕನ ವಿಷಯ ಗೊತ್ತೇ ಇದೆಯಲ್ಲ, ಅವರಿಗೆ ನಾಲ್ಕು ಜನರ ಮುಂದೆ ಮುಜುಗರ ಆಗಬಾರದು, ಅದಕ್ಕೆ ಅವರ ಪರವಾಗಿ ನೀವು ಬಂದು ತಗೊಂಡುಬಿಡಿ ಎಂದರು. ಒಳ್ಳೆಯ ಮನುಷ್ಯ. ಕೇಳುವಾಗ ಅವರ ಕಿವಿ ಕೆಂಪಾಗಿತ್ತು.

ನಾನು ಆಗಲ್ಲ ಅನ್ನುವಷ್ಟರಲ್ಲಿ ಅಕ್ಕ ಅಡುಗೆಮನೆ ಬಾಗಿಲಿಗೆ ಬಂದಳು.

"ಇವಳು ಎರೆಹುಳ ಕಂಡ್ರೆ ಕಿರುಚ್ಕೋತಾಳೆ ಸಾರ್. ಇವಳಿಗ್ಯಾಕೆ ಸನ್ಮಾನ?"

ಅವರು ನಕ್ಕರು. ತನಗೆ ಮಡಿಲೂ ಬೇಡ, ಕುಂಕುಮವೂ ಬೇಡ, ಪಾಠ ಮಾಡಿದವಳು ತಾನು, ತಾನೇ ಬರುತ್ತೇನೆ ಎಂದಳು ಅಕ್ಕ. ಅವರು ಒಪ್ಪಿದರು.

ಮಾರನೆಯ ದಿನ ಮೊದಲು ಕರೆದದ್ದು ಕುಣಿಗಲ್ಲಿನ ಹುಡುಗಿಯನ್ನು. ಅವಳಿಗೆ ಕುಂಕುಮದ ಬದಲು ಒಂದು ಗುಲಾಬಿ ಹೂವನ್ನು ಮೊದಲೇ ತೆಗೆದಿಟ್ಟಿದ್ದರು. ಕೊಟ್ಟು, ಶಾಲು ಹೊದಿಸಿದರು. ಯಾರಿಗೂ ಕಷ್ಟವಾಗಲಿಲ್ಲ. ಆಮೇಲೆ ಇನ್ನಿಬ್ಬರು ಟೀಚರುಗಳಿಗೆ ಮಡಿಲು ತುಂಬಿದರು. ಅಕ್ಕನ ಸರದಿ ಬಂದಾಗ ಅರಿಶಿನ ಕುಂಕುಮದ ತಟ್ಟೆ ಹಿಡಿದಿದ್ದಾಕೆ ಪರದೆಯ ಹಿಂದೆ ಸರಿದರು.

ಮುಖ್ಯ ಅತಿಥಿಗಳಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಅವರು ಅತ್ತಿತ್ತ ನೋಡಿ, "ಎಲ್ರೀ, ಅರಿಶಿನ ಕುಂಕುಮ ತನ್ನಿ," ಎಂದರು. ಮೈಕು ಮುಂದೆಯೇ ಇತ್ತು. ಸಭೆಗೆಲ್ಲ ಕೇಳಿಸಿತು. ಯಾರೋ ಓಡಿಬಂದು ಅವರ ಕಿವಿಯಲ್ಲಿ ಏನೋ ಹೇಳಿದರು. ಬಿಚ್ಚಿ ಹಿಡಿದಿದ್ದ ಶಾಲನ್ನು ಅವರು ಮತ್ತೆ ಮಡಿಸಿ, ಅಂಗಡಿಯ ಪೊಟ್ಟಣ ಕೊಟ್ಟ ಹಾಗೆ ಅಕ್ಕನ ಕೈಗೆ ಕೊಟ್ಟರು. ಆ ಗಡಿಬಿಡಿಯಲ್ಲಿ ಅವಳೇನು ಕಲಿಸಿದಳು, ಎಷ್ಟು ಮಕ್ಕಳು ಅವಳಿಂದ ಮುಂದೆ ಓದಿದರು ಎಂದು ಹೇಳುವುದೇ ಬಿಟ್ಟುಹೋಯಿತು. ನನ್ನ ಪಕ್ಕದ ಸಾಲಿನಲ್ಲಿ ಯಾರೋ "ಪಾಪ" ಎಂದರು. ಅಕ್ಕ ಕೈಮುಗಿದು ನಿಧಾನವಾಗಿ ಇಳಿದಳು. ಕೆಳಗೆ ಆ ಹುಡುಗಿ, "ಮಿಸ್, ನಾನೇ ಮೈಕಲ್ಲಿ ನಿಮ್ಮ ಬಗ್ಗೆ ಹೇಳ್ತೀನಿ," ಎಂದು ಎದ್ದಳು. ಅಕ್ಕ ಅವಳ ಮಣಿಕಟ್ಟು ಹಿಡಿದು ಕೂರಿಸಿದಳು.

ಅದಾದ ಮೇಲೆ ಅಂಥ ಯಾವ ಕರೆ ಬಂದರೂ ಪಾಠ ಇದೆ ಎಂದುಬಿಡುತ್ತಿದ್ದಳು. ಕೆಲವು ವರ್ಷಗಳ ನಂತರ ರಿಟೈರಾದಾಗ ಸ್ಕೂಲಿನವರ ಬೀಳ್ಕೊಡುಗೆಯೂ ಬೇಡವೆಂದಳು. ಆ ದಿನ ಕೊನೆಯ ಪೀರಿಯಡ್ ಮುಗಿಸಿ, ಟಿಫನ್ ಡಬ್ಬಿ ಹಿಡಿದು, ಗುಬ್ಬಿ ಬಸ್ಸಿನಲ್ಲಿ ನೇರ ನಮ್ಮ ಮನೆಗೆ ಬಂದಳು. ಹೇಗಾಯಿತು ಎಂದು ಕೇಳಿದೆ.

"ಮಕ್ಳು ಗಲಾಟೆನೇ ಮಾಡ್ಲಿಲ್ಲ ಕಣೇ," ಎಂದಳು. "ಒಂದ್ಸಲನಾದ್ರೂ ಬೈಯೋಣ ಅಂತಿದ್ದೆ."

ಕಾಫಿಗೆ ಹಾಲಿರಲಿಲ್ಲ. ತರುತ್ತೇನೆಂದು ನಾನು ಪಾತ್ರೆ ಎತ್ತಿಕೊಂಡೆ. ಬೇಡ, ಸ್ವಲ್ಪ ಹೊತ್ತು ಇಲ್ಲೇ ಕೂತ್ಕೋ ಎಂದಳು.