ತೆರೆಯದ ಮುಷ್ಟಿ

ಯುದ್ಧದ ವರ್ಷಗಳಲ್ಲಿ ನಾನು ಪುಣೆಯ ಒಂದು ಮೋಟಾರ್ ಗ್ಯಾರೇಜಿನಲ್ಲಿ ಬ್ರೇಕ್‌ಡೌನ್ ಲಾರಿ ಓಡಿಸುತ್ತಿದ್ದೆ. ಕೆಟ್ಟು ನಿಂತ ಗಾಡಿಗಳನ್ನು, ಘಟ್ಟದಲ್ಲಿ ಉರುಳಿದ ಗಾಡಿಗಳನ್ನು ಎಳೆದು ತರುವುದು ನಮ್ಮ ಕೆಲಸ. ನನ್ನ ಜೊತೆಗಾರರು ಧಾರವಾಡದ ಕಡೆಯವರು, ನನಗಿಂತ ಹಿರಿಯರು. ಅಣ್ಣ ಎಂದೇ ಕರೆಯುತ್ತಿದ್ದೆ. ಬಿದ್ದ ಗಾಡಿಗೆ ಕೊಂಡಿ ಹಾಕಿ ಬಂದು, ನಮ್ಮ ಲಾರಿಯ ಹಿಂದೆ ಇಂಜಿನ್ ಬಲದಿಂದ ತಿರುಗುವ ಉರುಳೆಗೆ ಸರಪಳಿ ಸರಿಯಾಗಿ ಸುತ್ತಿಕೊಳ್ಳುವಂತೆ ಕೈಯಿಂದ ಸರಿಸುತ್ತ ನಿಲ್ಲುವುದು ಅವರ ಪಾಲಿನ ಕೆಲಸ.

ಒಂದು ಮಳೆಗಾಲದ ಬೆಳಿಗ್ಗೆ ದಿವೆ ಘಾಟಿಗೆ ಹೋದೆವು. ಸಾಸವಡದಿಂದ ತರಕಾರಿ ತರುತ್ತಿದ್ದ ಲಾರಿ ಕೆಳಗೆ ಬಿದ್ದಿತ್ತು. ನಾವು ಮುಟ್ಟುವಷ್ಟರಲ್ಲಿ ಅದರ ಡ್ರೈವರನ ಹೆಣ ಒಯ್ದಿದ್ದರು. ದಟ್ಟ ಮಂಜು. ಕೂತಲ್ಲಿಂದ ತಿರುಗಿ ನೋಡಿದರೆ ನನ್ನದೇ ಲಾರಿಯ ಹಿಂಭಾಗ ಕಾಣುತ್ತಿರಲಿಲ್ಲ. ಅಣ್ಣ ಕೊಂಡಿ ಹಾಕಿ ಮೇಲೆ ಬಂದು ಎಳೆಯಲು ಹೇಳಿದರು. ನಾನು ಉರುಳೆ ತಿರುಗಿಸಿದೆ. ಬಿದ್ದ ಲಾರಿ ಕದಲುತ್ತಲೇ ಅದರ ಹಾರ್ನ್ ಕೂಗತೊಡಗಿತು. ಎಲ್ಲೋ ತಂತಿ ತಾಗಿರಬೇಕು ಎಂದು ಆಗಲೂ ನನಗೆ ಹೊಳೆದಿತ್ತು. ಆದರೂ ಸತ್ತವನ ಗಾಡಿ ಹಾಗೆ ಕೂಗುತ್ತ ಮೇಲೇರಿ ಬರುವಾಗ ನಾನು ಹಿಂದೆ ತಿರುಗದೆ ಉರುಳೆ ತಿರುಗಿಸುತ್ತಲೇ ಇದ್ದೆ.

ಆಮೇಲೆ ಹಾರ್ನ್ ಥಟ್ಟನೆ ನಿಂತಿತು. ಆ ಮೌನದಲ್ಲಿ ಅಣ್ಣನ ದನಿ ಕೇಳಿಸಿತು, ಬಹಳ ಮೆಲ್ಲಗೆ, ನನ್ನ ಹೆಸರು ಹಿಡಿದು. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದರೋ. ಉರುಳೆ ನಿಲ್ಲಿಸಿ ಇಳಿದು ಹೋಗಿ ನೋಡಿದೆ. ಅವರ ಎಡಗೈ ಸರಪಳಿಯ ಸುತ್ತುಗಳ ಒಳಗಿತ್ತು.

ಆಸ್ಪತ್ರೆಯಲ್ಲಿ ಮೊಣಕೈಯ ಕೆಳಗೆ ಕತ್ತರಿಸಿದರು. ಗಾಯ ಮಾಗಿತು, ನೋವು ಮಾತ್ರ ಹೋಗಲಿಲ್ಲ. ನಾನು ನೋಡಲು ಹೋದಾಗ ಅಣ್ಣ ಖಾಲಿ ತೋಳಿನ ಕಡೆ ಕಣ್ಣು ಹಾಯಿಸಿ ಹೇಳಿದರು:

“ಕೈ ಎಲ್ಲೂ ಹೋಗಿಲ್ಲ ತಮ್ಮಾ. ಇಲ್ಲೇ ಅದ. ಸರಪಳಿ ಹಿಡಕೊಂಡು ಮುಷ್ಟಿ ಕಟ್ಟೇದ, ಬಿಚ್ಚಲಿಕ್ಕೆ ಬರವಲ್ತು.”

ಉಗುರುಗಳು ಅಂಗೈಯಲ್ಲಿ ನಾಟುತ್ತಿವೆ ಎಂದರು. ಡಾಕ್ಟರರು ಇದು ಕೆಲವರಿಗೆ ಆಗುತ್ತದೆ ಎಂದಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋದರು.

ಗ್ಯಾರೇಜಿನ ಮಾಲೀಕರ ಮೇಲೆ ಅಣ್ಣ ಹೂಡಿದ ಪರಿಹಾರದ ದಾವೆ ನಡೆಯಿತು. ಸರಪಳಿ ಮುಟ್ಟಬಾರದೆಂದು ಅಪ್ಪಣೆ ಇದ್ದರೂ ಅವನೇ ಮೀರಿ ಕೈ ಹಾಕಿದ ಎಂಬುದು ಮಾಲೀಕರ ವಕೀಲರ ವಾದ. ನಾನೂ ಹಾಗೇ ಹೇಳಬೇಕೆಂದು ಮಾಲೀಕರು ನನ್ನನ್ನು ಕರೆಸಿ ಮರಾಠಿಯಲ್ಲಿ ನಯವಾಗಿ ತಿಳಿಸಿದ್ದರು. ಅಂಥ ಅಪ್ಪಣೆ ಎಂದೂ ಇರಲಿಲ್ಲ, ಕೈ ಹಾಕದಿದ್ದರೆ ಆ ಸರಪಳಿ ಸುತ್ತುವುದೇ ಇಲ್ಲ ಎಂದು ನಾನು ಇದ್ದದ್ದನ್ನೇ ಹೇಳಿದೆ. ಕೊನೆಗೆ ದಾವೆ ಕೇಳುತ್ತಿದ್ದ ಅಧಿಕಾರಿ ಅಣ್ಣನನ್ನೇ ಕೇಳಿದರು, ಈಗ ಆ ಕೈಯಿಂದ ಏನೇನು ಮಾಡಲು ಆಗುವುದಿಲ್ಲ ಎಂದು. ಅಣ್ಣ, ಹಿಡಿದದ್ದನ್ನು ಬಿಡಲು ಆಗುವುದಿಲ್ಲ ಸಾಹೇಬರೇ, ಎಂದರು. ಅಧಿಕಾರಿ ಆ ಖಾಲಿ ತೋಳನ್ನು ನೋಡಿದರು. ಯಾರೂ ನಗಲಿಲ್ಲ.

ತೀರ್ಪು ಅಣ್ಣನ ಕಡೆಗಾಯಿತು. ಘಟ್ಟ ಬಲ್ಲ ಡ್ರೈವರುಗಳು ಆಗ ಸಿಗುತ್ತಿರಲಿಲ್ಲವಾದ್ದರಿಂದ ಮಾಲೀಕರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಮಾತು ಬಿಟ್ಟರು ಅಷ್ಟೇ. ಬಂದ ಹಣದಲ್ಲಿ ಅಣ್ಣನ ಹೆಂಡತಿ, ನಾನು ವೈನಿ ಎಂದು ಕರೆಯುತ್ತಿದ್ದವರು, ಮನೆಯಲ್ಲೇ ಒಂದು ಖಾನಾವಳಿ ತೆರೆದರು. ವೈನಿಯ ಕೈಯ ಜೋಳದ ರೊಟ್ಟಿಗೆ ಊರು ಬಿಟ್ಟು ಬಂದ ನಮ್ಮ ಕಡೆಯವರೆಲ್ಲ ಅಲ್ಲಿ ಸೇರತೊಡಗಿದರು.

ಊಟದವರು ಎದ್ದು ಹೋದ ಮೇಲೆ, ಮಧ್ಯಾಹ್ನದ ಹೊತ್ತು, ವೈನಿ ಎಣ್ಣೆಯ ಬಟ್ಟಲು ಹಿಡಿದು ಅಣ್ಣನ ಎಡಗಡೆ ಕೂರುತ್ತಿದ್ದರು. ತೋಳು ಮುಗಿದಲ್ಲಿಂದ ಒಂದು ಗೇಣು ಆಚೆ, ಬರೀ ಗಾಳಿಯಲ್ಲಿ, ಒಂದೊಂದೇ ಬೆರಳನ್ನು ಹಿಡಿದು ಬಿಡಿಸುತ್ತಿದ್ದರು. ಅಣ್ಣ ಕಣ್ಣು ಮುಚ್ಚಿ, ಇನ್ನೂ ಸ್ವಲ್ಪ, ಈಗ ಕಿರುಬೆರಳು, ಎನ್ನುತ್ತಿದ್ದರು. ಆಮೇಲೆ ಅವರಿಗೆ ನಿದ್ದೆ ಹತ್ತುತ್ತಿತ್ತು.

ಒಮ್ಮೆ ತವರಲ್ಲಿ ಸಾವಾಗಿ ವೈನಿ ಬೆಳಗಾವಿಗೆ ಹೊರಟರು. ಹೋಗುವಾಗ ನನ್ನನ್ನು ಕರೆದು, “ನಾ ಬರೋತನಕ ನೀವು ಮಾಡ್ರಿ. ನಾಚಬ್ಯಾಡ್ರಿ, ಅವರಿಗೆ ಭಾಳ ತ್ರಾಸ ಆಗ್ತದ” ಎಂದರು.

ಆ ಮಧ್ಯಾಹ್ನ ನಾನು ಅಣ್ಣನ ಎಡಗಡೆ ಕೂತೆ. ಎಣ್ಣೆ ಹಚ್ಚಿದ ಕೈಯನ್ನು ಗಾಳಿಯಲ್ಲಿ ಚಾಚಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು. ನಾಟಕ ಮಾಡುತ್ತಿದ್ದೇನೆ ಎಂದು ನನಗೇ ಮುಜುಗರ. ಉಂಗುರದ ಬೆರಳಿರಬೇಕಾದ ಕಡೆ ನನ್ನ ಕೈ ನಿಂತಿತು. ಅಲ್ಲಿ ಏನೂ ಇರಲಿಲ್ಲ, ನಾನು ಕಣ್ಣು ಬಿಟ್ಟುಕೊಂಡೇ ಇದ್ದೆ. ಆದರೂ ಏನೋ ಬೆಚ್ಚಗೆ, ಬಿಗಿಯಾಗಿ ತಡೆಯಿತು. ನಾನು ಒತ್ತಿದೆ. ಅದು ಸಡಿಲಾದಾಗ ಅಣ್ಣ ಉಸಿರು ಬಿಟ್ಟರು.

ವೈನಿ ಮರಳಿ ಬಂದರು. ಊಟಕ್ಕೆ ಕೂತಾಗ ನನ್ನ ಮುಖವನ್ನೊಮ್ಮೆ, ಕೈಯನ್ನೊಮ್ಮೆ ನೋಡಿ, ಇನ್ನೊಂದು ರೊಟ್ಟಿ ಹಾಕಿದರು.